ಪಟ್ಟಿಯಲ್ಲಿ ಇಲ್ಲದ ಇಪ್ಪತ್ತೊಂದು ದಿನ

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಇದೊಂದು ಸದ್ಗುಣವೆಂದು ನಾನು ಬಹಳ ವರ್ಷ ನಂಬಿದ್ದೆ. ಇದು ಕಾಯಿಲೆಯೆಂದು ನನ್ನ ಹೆಂಡತಿ ಸುಗುಣ ಮದುವೆಯಾದ ವಾರದಲ್ಲೇ ಕಂಡುಹಿಡಿದಳು. ಬಸ್ಸು ಬರುವುದು ತಡವಾದರೆ ನಾನು ಮುಂದಿನ ಸ್ಟಾಪಿಗೆ ನಡೆದುಬಿಡುತ್ತೇನೆ. ಅಷ್ಟರಲ್ಲಿ ಬಸ್ಸು ನನ್ನನ್ನು ದಾಟಿ ಹೋಗಿರುತ್ತದೆ. ಆದರೂ ನಿಂತವನಿಗಿಂತ ನಡೆದವನೇ ಮೇಲು ಎಂಬ ಸಮಾಧಾನ ನನ್ನದು.

ಇದಕ್ಕೆಲ್ಲ ಮೂಲ ಒಂದು ಗಂಟೆ. ನಾನು ಬೆಳೆದದ್ದು ಮಿಷನ್ ಬೋರ್ಡಿಂಗಿನಲ್ಲಿ. ಐದಕ್ಕೆ ಏಳುವ ಗಂಟೆ, ಐದೂಕಾಲಿಗೆ ಹಾಸಿಗೆ ಸುತ್ತುವ ಗಂಟೆ, ಐದೂವರೆಗೆ ಪ್ರಾರ್ಥನೆಯ ಗಂಟೆ. ಆಟಕ್ಕೂ ಗಂಟೆ, ಆಟ ನಿಲ್ಲಿಸುವುದಕ್ಕೂ ಗಂಟೆ. ಬೋರ್ಡಿಂಗ್ ಬಿಟ್ಟು ಎಷ್ಟೋ ಕಾಲವಾಯಿತು. ಗಂಟೆ ಮಾತ್ರ ನನ್ನೊಳಗೆ ಬಂದು ನೇತುಬಿದ್ದಿದೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಪಾಳಿಯ ಮೇಲ್ವಿಚಾರಕ, ಭಾನುವಾರ ನಮ್ಮ ಕ್ರೈಸ್ತ ಸಭೆಯ ಹಿರಿಯ. ಸಭೆ ದೊಡ್ಡದೇನಲ್ಲ, ನಲವತ್ತು ಮನೆಗಳು. ನಾಯಂಡಹಳ್ಳಿ ದಾಟಿ ಕೆಂಗೇರಿಯ ಕಡೆಗೆ ಹೋಗುವಾಗ ಮೈಸೂರು ರಸ್ತೆಯ ಬದಿಯಲ್ಲಿ ನಮ್ಮದೊಂದು ತುಂಡು ಜಾಗ, ಅದರಲ್ಲಿ ಒಂದು ಶೀಟಿನ ಚಪ್ಪರ. ಅದರ ಪಕ್ಕದಲ್ಲೇ ನಾವು ದೇವಾಲಯದ ಗೋಡೆಗಳನ್ನು ಸೂರಿನ ಮಟ್ಟಕ್ಕೆ ಎಬ್ಬಿಸಿದ್ದೆವು. ಉಳಿದ ಕೆಲಸಕ್ಕೆ ಕೈಕೊಡಲು ನ್ಯೂಜಿಲೆಂಡಿನ ಒಂದು ಸಭೆಯಿಂದ ಒಂಬತ್ತು ಜನ ಮೂರು ವಾರದ ಮಟ್ಟಿಗೆ ಬರುತ್ತಾರೆಂದು ಕಾಗದ ಬಂತು. ನಮ್ಮ ಜೊತೆ ಇಟ್ಟಿಗೆ ಹೊರುವುದು, ನಮ್ಮ ಜೊತೆ ಪ್ರಾರ್ಥಿಸುವುದು, ಇಷ್ಟೇ ಅವರ ಆಸೆ.

ಬಿಳಿಯರೆಂದರೆ ನಡೆದಾಡುವ ಗಡಿಯಾರಗಳೆಂದು ನನಗೆ ಬೋರ್ಡಿಂಗಿನಲ್ಲೇ ಮನದಟ್ಟಾಗಿತ್ತು. ಅವರ ಮುಂದೆ ನಮ್ಮ ಮರ್ಯಾದೆ ಹೋಗಬಾರದು. ದಪ್ಪ ರಟ್ಟಿನ ಮೇಲೆ ಕೆಂಪು, ನೀಲಿ ಪೆನ್ಸಿಲಿನಲ್ಲಿ ಗೆರೆ ಎಳೆದು ಮೂರು ವಾರಕ್ಕೂ ಪಟ್ಟಿ ಬರೆದೆ. ದಿನಕ್ಕೊಂದು ಚೌಕದ ಮನೆ, ಮನೆಗೊಂದು ಕೆಲಸ. ಮೊದಲ ಶನಿವಾರ ತಾರಸಿಗೆ ಕಾಂಕ್ರೀಟ್. ಅದಾದ ಮೇಲೆ ಗಾರೆ, ನೆಲ, ಸುಣ್ಣ. ಕೊನೆಯ ಭಾನುವಾರ ಹೊಸ ಸೂರಿನಡಿ ಆರಾಧನೆ. ಸೋಮವಾರ ಅತಿಥಿಗಳ ಪ್ರಯಾಣ.

ಬಂದವರು ಗಡಿಯಾರಗಳಾಗಿರಲಿಲ್ಲ. ಹೆಚ್ಚಿನವರು ಹಸು ಸಾಕುವವರು. ಮೊದಲ ದಿನ ನಾನು ಪಟ್ಟಿ ಹಿಡಿದು ನಿಂತಿದ್ದರೆ ಅವರು ಇನ್ನೊಂದು ಲೋಟ ಚಹಾ ಸಿಗುತ್ತದೆಯೇ ಎಂದು ಕೇಳಿದರು. ಅವರ ಹಿರಿಯ ಆರ್ಥರ್ ಎಂಬಾತನಿಗೆ ಎಪ್ಪತ್ತು ದಾಟಿತ್ತು. ಅಂಗೈ ಸಲಿಕೆಯಷ್ಟು ಅಗಲ. ಆತ ನನ್ನ ಪಟ್ಟಿಯ ಎಲ್ಲ ಮನೆಗಳನ್ನೂ ಬಿಟ್ಟು ಕೊನೆಯ ಭಾನುವಾರದ ಮೇಲೆ ಬೆರಳಿಟ್ಟ. ವೈದ್ಯರು ಇದೇ ನಿನ್ನ ಕೊನೆಯ ದೂರಪ್ರಯಾಣ ಎಂದಿದ್ದಾರೆ, ನಾನು ಕೈಹಚ್ಚಿದ ದೇವಾಲಯದಲ್ಲಿ ಒಂದು ಸಲ ಕೂತು ಪ್ರಾರ್ಥಿಸಿ ಹೋದರೆ ಸಾಕು ಎಂದ. ಅದು ನನ್ನ ಹೊಣೆ ಎಂದು ನಾನು ಮಾತು ಕೊಟ್ಟೆ. ಮಾತು ಕೊಡುವುದರಲ್ಲೂ ನನಗೆ ಅವಸರ.

ಶನಿವಾರ ಪಟ್ಟಿಯ ಪ್ರಕಾರವೇ ಕಾಂಕ್ರೀಟ್ ಬಿತ್ತು. ನಮ್ಮ ಹೆಂಗಸರು, ಆ ಒಂಬತ್ತು ಜನ, ಸಭೆಯ ಬೋಧಕರಾದ ಅಯ್ಯನವರು, ಎಲ್ಲರೂ ಸಾಲಾಗಿ ನಿಂತು ಬಾಂಡ್ಲಿ ಸಾಗಿಸಿದೆವು. ಸಂಜೆ ಮುನಿಯಪ್ಪ ಮೇಸ್ತ್ರಿ ಕೈ ತೊಳೆಯುತ್ತಿದ್ದಾಗ, ಬುಧವಾರ ತಾರಸಿ ಹೊತ್ತ ಹಲಗೆ, ಕಂಬಗಳ ಸೆಂಟ್ರಿಂಗ್ ಬಿಚ್ಚಿಬಿಡು, ಗುರುವಾರದಿಂದ ಒಳಗೆ ಗಾರೆ ಎಂದೆ. ಆತ ಪಟ್ಟಿಯನ್ನು ತಿರುಗಿಸಿ ಅದರ ಬೆನ್ನನ್ನೂ ನೋಡಿದ.

"ಇದ್ರಲ್ಲಿ ಎಲ್ಲಾ ಇದೆ ಸಾರ್. ತಾರಸಿ ಗಟ್ಟಿ ಆಗೋದು ಎಲ್ಲಿ ಬರ್ದಿದೀರಾ?"

ಬರೆದಿರಲಿಲ್ಲ. ತಾರಸಿ ಗಟ್ಟಿಯಾಗುವಾಗ ಯಾರೂ ಕೆಲಸ ಮಾಡುವುದಿಲ್ಲವಲ್ಲ. ಯಾರೂ ಕೆಲಸ ಮಾಡದ ದಿನಕ್ಕೆ ನನ್ನ ಪಟ್ಟಿಯಲ್ಲಿ ಮನೆಯೇ ಇರಲಿಲ್ಲ. ಕಾರ್ಖಾನೆಯಲ್ಲಿ ಆಳು ನಿಂತರೆ ನಷ್ಟ. ಆಳು ನಿಂತಾಗಲೇ ನಡೆಯುವ ಕೆಲಸವೂ ಒಂದಿದೆಯೆಂದು ನನಗೆ ಹೊಳೆದಿರಲೇ ಇಲ್ಲ. ಎಷ್ಟು ದಿನ ಎಂದು ಕೇಳಿದೆ. ಇಪ್ಪತ್ತೊಂದು ಎಂದ. ಕೊನೆಯ ಭಾನುವಾರಕ್ಕೆ ಹದಿನೈದೇ ಆಗುತ್ತಿತ್ತು.

ಮನೆಗೆ ಬಂದು ಸುಗುಣಳ ಮುಂದೆ ಮೇಸ್ತ್ರಿಯನ್ನು ಬೈದೆ. ಅವಳು ರುಬ್ಬಿದ ಹಿಟ್ಟನ್ನು ಪಾತ್ರೆಗೆ ತೋಡುತ್ತಿದ್ದಳು.

"ದಿನಾ ಬೆಳಿಗ್ಗೆ ಇಡ್ಲಿ ತಿಂತೀರಲ್ಲ, ಹಿಟ್ಟು ಯಾವಾಗ ಉಬ್ಬುತ್ತೆ ಅಂದ್ಕೊಂಡಿದೀರಿ? ನಿಮ್ಮ ಗಂಟೆ ಹೊಡೆದಾಗ್ಲಾ?"

ಮುಂದಿನ ಎರಡು ವಾರ ನಾನು ಪಟ್ಟ ಪಾಡು ಹೇಳಬಾರದು. ತಾರಸಿಯ ಮೇಲೆ ಮಣ್ಣಿನ ಪಾತಿ ಕಟ್ಟಿ ನೀರು ನಿಲ್ಲಿಸಿದ್ದರು. ಪಕ್ಕದ ಹೊಲದ ಗೌಡರ ಬಾವಿಯಿಂದ ಬೆಳಿಗ್ಗೆ ಸಂಜೆ ನೀರು ಹೊರುವುದು, ಹೊರಗೋಡೆಗೆ ಗಾರೆ ಮಾಡುವುದು, ಇಷ್ಟೇ ಕೆಲಸ. ಉಳಿದ ಹೊತ್ತು ಅತಿಥಿಗಳು ನಮ್ಮವರ ಮನೆಗಳಿಗೆ ಹೋಗಿ ಕೂತರು, ಅವರೆಕಾಯಿ ಸುಲಿದರು, ನಮ್ಮ ಕೀರ್ತನೆಗಳನ್ನು ಅಕ್ಷರ ಗೊತ್ತಿಲ್ಲದೆ ಬಾಯಿಪಾಠ ಮಾಡಿದರು. ಆರ್ಥರ್ ಗೌಡರ ಕಟ್ಟೆಯ ಮೇಲೆ ಕೂತು ಅವರ ಎಮ್ಮೆಗಳನ್ನು ನೋಡುತ್ತಿದ್ದ. ಇವರಿಗೆ ಅವನ ಮಾತು ಬಾರದು, ಅವನಿಗೆ ಇವರದು ಬಾರದು. ಇಬ್ಬರೂ ದಿನವಿಡೀ ಆರಾಮಾಗಿದ್ದರು. ಅವರ ಪರವಾಗಿಯೂ ನಾನೊಬ್ಬನೇ ಚಡಪಡಿಸುತ್ತಿದ್ದೆ. ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಅಷ್ಟು ದೂರ ಬಂದು, ಏಣಿ ಹತ್ತಿ, ಪಾತಿಯ ನೀರಿಗೆ ಬೆರಳದ್ದಿ ಇಳಿಯುತ್ತಿದ್ದೆ. ಬೆರಳಿಗೆ ಏನು ತಿಳಿಯಬೇಕೋ ನನಗಿನ್ನೂ ತಿಳಿದಿಲ್ಲ.

ಕೊನೆಯ ವಾರದ ಶುಕ್ರವಾರ ನಾನು ಮಾಡಿದ್ದನ್ನು ಇವತ್ತಿಗೂ ಸಭೆಯಲ್ಲಿ ಹೇಳಿಲ್ಲ. ಬೆಳಿಗ್ಗೆ ಯಾರೂ ಬರುವ ಮುಂಚೆ ಒಂದು ಸುತ್ತಿಗೆ ತೆಗೆದುಕೊಂಡು ಒಳಗೆ ಹೋದೆ. ತಾರಸಿಯ ಕೆಳಗೆ ನೂರಕ್ಕೂ ಹೆಚ್ಚು ಸರ್ವೆ ಕಂಬಗಳು, ಪ್ರತಿಯೊಂದರ ಬುಡಕ್ಕೂ ಒಂದು ಬೆಣೆ. ಮೂಲೆಯ ಒಂದೇ ಒಂದು ಬೆಣೆ ಸಡಿಲಿಸಿ ನೋಡೋಣ, ತಾರಸಿ ನಿಂತರೆ ಮೇಸ್ತ್ರಿಗೆ ತೋರಿಸೋಣ ಎಂದು ಬಗ್ಗಿದೆ. ಸುತ್ತಿಗೆ ಎತ್ತಿದೆ. ಬಾಗಿಲ ಹತ್ತಿರ ಕೆಮ್ಮು ಕೇಳಿಸಿತು. ಮುನಿಯಪ್ಪ ನಿಂತಿದ್ದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮೆಲ್ಲಗೆ ಬಂದು ಸುತ್ತಿಗೆಯನ್ನು ಈಸಿಕೊಂಡ.

"ಇದು ಬಿದ್ರೆ ನಿಮ್ಮ ದೇವ್ರು ಕ್ಷಮಿಸ್ತಾನೆ ಸಾರ್. ನನ್ನನ್ನ ಯಾರೂ ಕ್ಷಮಿಸಲ್ಲ."

ಅಲ್ಲೇ ಇಟ್ಟಿಗೆಯ ಮೇಲೆ ಕೂತು, ಆರ್ಥರನಿಗೆ ಕೊಟ್ಟ ಮಾತು, ಅವನ ವೈದ್ಯರ ಮಾತು, ಎಲ್ಲವನ್ನೂ ಹೇಳಿಕೊಂಡೆ. ಆತ ಬೀಡಿ ಹಚ್ಚಿ ಪೂರ್ತಿ ಕೇಳಿದ.

"ಒಳಗೆ ಕೂತ್ಕೋಬೇಡಿ ಅಂತ ಯಾರ್ ಹೇಳಿದ್ರು ಸಾರ್? ಕಂಬ ಇದಾವಲ್ಲ, ಅವು ಹೊರ್ತವೆ. ಅವನ್ನ ಮುಟ್ಬೇಡಿ, ಅಷ್ಟೆ."

ಬಿಚ್ಚು ಬಿಚ್ಚು ಎಂದು ಎರಡು ವಾರ ಅವನ ಬೆನ್ನು ಹತ್ತಿದ್ದೆನೇ ಹೊರತು, ಬಿಚ್ಚದೆ ಕೂರಬಹುದೇ ಎಂದು ಒಂದು ದಿನವೂ ಕೇಳಿರಲಿಲ್ಲ. ಮುಗಿಯದ ಮನೆ ನನ್ನ ಲೆಕ್ಕದಲ್ಲಿ ಮನೆಯೇ ಅಲ್ಲ.

ಭಾನುವಾರ ನಾವು ಆ ಕಂಬಗಳ ಕಾಡಿನೊಳಗೆ ಆರಾಧನೆ ಮಾಡಿದೆವು. ಸಾಲಾಗಿ ಕೂರುವುದು ಸಾಧ್ಯವೇ ಇರಲಿಲ್ಲ. ಎರಡು ಕಂಬದ ನಡುವೆ ಒಬ್ಬರು ಹಿಡಿದರೆ ಹೆಚ್ಚು. ಯಾರಿಗೂ ಯಾರೂ ಪೂರ್ತಿ ಕಾಣರು. ಅಯ್ಯನವರದು ಬರೀ ದನಿ, ಅಲ್ಲೊಂದು ಸೆರಗು, ಇಲ್ಲೊಂದು ಕೆಂಪು ಕಿವಿ. ಮೇಲಿನ ಹಲಗೆಯ ಸಂದಿನಿಂದ ಆಗಾಗ ಒಂದು ಹನಿ ಯಾರದಾದರೂ ನೆತ್ತಿಗೆ ಬೀಳುತ್ತಿತ್ತು. ಭಾನುವಾರ ನನಗೆ ವಾರದಲ್ಲೇ ಹೆಚ್ಚು ಕೆಲಸದ ದಿನ. ಗಂಟೆ ಹೊಡೆಯುವುದು, ಪುಸ್ತಕ ಹಂಚುವುದು, ತಡವಾಗಿ ಬಂದವರನ್ನು ದುರುಗುಟ್ಟಿ ನೋಡುವುದು. ಅವತ್ತು ಕಂಬಗಳ ನಡುವೆ ಸಿಕ್ಕಿಕೊಂಡು ನನಗೆ ಹೊರಳಲೂ ಜಾಗವಿರಲಿಲ್ಲ. ದೇವರು ಆರು ದಿನ ಲೋಕವನ್ನು ಮಾಡಿದ, ಏಳನೆಯ ದಿನ ವಿಶ್ರಮಿಸಿದ ಎಂದು ಎಷ್ಟು ಸಲ ಓದಿದ್ದೆನೋ. ಆ ಸುಮ್ಮನಿದ್ದ ದಿನಕ್ಕೂ ಆತ ತನ್ನ ಪಟ್ಟಿಯಲ್ಲಿ ಒಂದು ಮನೆ ಕೊಟ್ಟಿದ್ದನೆಂಬುದು ಅವತ್ತು ಗಮನಕ್ಕೆ ಬಂತು. ನನ್ನ ಎಡಕ್ಕೆ ಮೂರನೆಯ ಕಂಬದಾಚೆ ಆರ್ಥರ್ ಒಂದು ಕಂಬಕ್ಕೆ ಬೆನ್ನು ಕೊಟ್ಟು, ನಮ್ಮ ಕನ್ನಡದ ಕೀರ್ತನೆಯನ್ನು ತಪ್ಪು ತಪ್ಪಾಗಿ, ಪೂರ್ತಿಯಾಗಿ ಹಾಡಿದ.

ಸೋಮವಾರ ಅವರು ಹೋದರು. ಇಪ್ಪತ್ತೊಂದನೆಯ ದಿನ ಸೆಂಟ್ರಿಂಗ್ ಬಿಚ್ಚಿದಾಗ ತಾರಸಿ ಒಂದು ಕೂದಲೆಳೆಯಷ್ಟೂ ಬಿರುಕಿಲ್ಲದೆ ನಿಂತಿತು. ಆರ್ಥರನಿಗೆ ಕಾಗದ ಬರೆದೆ. ತಾನು ಒರಗಿದ್ದ ಕಂಬ ಏನಾಯಿತೆಂದು ಕೇಳಿ ಅವನ ಉತ್ತರ ಬಂತು. ಕಂಬಗಳೆಲ್ಲ ಆಗಲೇ ಬೇರೆ ಕೆಲಸಕ್ಕೆ ಹೋಗಿದ್ದವು. ಒಂದನ್ನು ಮಾತ್ರ ನಾನು ಮೇಸ್ತ್ರಿಯನ್ನು ಕೇಳಿ ತಂದು ಹಿತ್ತಲಲ್ಲಿ ಸೀಮೆಬದನೆ ಬಳ್ಳಿಗೆ ಊರಿದ್ದೆ. ಅದು ಅವನದೋ ಬೇರೆಯವರದೋ ದೇವರೇ ಬಲ್ಲ. ಕ್ಷೇಮವಾಗಿದೆ, ಕಾಯಿ ಬಿಟ್ಟಿದೆ ಎಂದು ಬರೆದೆ.

ಈಗಲೂ ನಾನು ದಿನದ ಪಟ್ಟಿ ಬರೆಯುತ್ತೇನೆ. ಅದರಲ್ಲೊಂದು ಖಾಲಿ ಮನೆ ಬಿಡುವ ಅಭ್ಯಾಸ ಮಾಡಿಕೊಂಡಿದ್ದೇನೆ, ಅದರ ಮೇಲೆ 'ಖಾಲಿ, ಹತ್ತರಿಂದ ಹನ್ನೊಂದು' ಎಂದು ನೀಲಿ ಪೆನ್ಸಿಲಿನಲ್ಲಿ ಬರೆದಿರುತ್ತೇನೆ. ಆ ಹೊತ್ತಿಗೆ ಹಿತ್ತಲಿಗೆ ಹೋಗಿ ಬಳ್ಳಿಯ ಕಂಬಕ್ಕೆ ಬೆನ್ನು ಕೊಟ್ಟು ಕೂರುತ್ತೇನೆ. ಹತ್ತೂವರೆಗೆ ಸುಗುಣ ಅಡುಗೆಮನೆಯ ಕಿಟಕಿಯಿಂದ ಇಣುಕಿ, ನಾನಿನ್ನೂ ಅಲ್ಲೇ ಇದ್ದೇನೆಯೇ ಎಂದು ನೋಡುತ್ತಾಳೆ. ಸಾಮಾನ್ಯವಾಗಿ ಕಂಬ ಅಲ್ಲೇ ಇರುತ್ತದೆ.