ಭಾವನ ಲಾರಿಯ ಎರಡನೆಯ ಬಾಯಿ

ತೆರೆದದ್ದನ್ನು ಹೊತ್ತಿಗೆ ಸರಿಯಾಗಿ ಮುಚ್ಚುವುದರಲ್ಲೇ ಮನುಷ್ಯಕುಲದ ಕ್ಷೇಮವೆಲ್ಲ ಅಡಗಿದೆ. ಬಾವಿಗೆ ಕಟ್ಟೆ, ಮನೆಗೆ ಕದ, ಮಡಕೆಗೆ ಮುಚ್ಚಳ, ಬಾಯಿಗೆ ತುಟಿ ಇಲ್ಲದಿದ್ದರೆ ಸಂಸಾರವೆಂಬುದು ಸಾಗುತ್ತಿರಲಿಲ್ಲ. ಈ ಘನವಾದ ಮಾತನ್ನು ನಾನು ಯಾವ ಉಪನಿಷತ್ತಿನಿಂದಲೂ ಎತ್ತಿಲ್ಲ. ನಮ್ಮ ಭಾವನ ಹಳೇ ಲಾರಿಯ ಪಕ್ಕೆಯಲ್ಲಿ ಮಜ್ಜಿಗೆ ಲೋಟ ತೂರುವಷ್ಟು ಅಗಲದ ಒಂದು ತೂತಿತ್ತು. ಅದನ್ನು ಮುಚ್ಚಲು ಹೋಗಿ ಮೂವರು ಗಂಡಸರು ಒಂದೇ ಮಧ್ಯಾಹ್ನದಲ್ಲಿ ತಮ್ಮ ತಮ್ಮ ಲೆಕ್ಕವನ್ನೇ ಮುಚ್ಚಿಕೊಳ್ಳುವುದರಲ್ಲಿದ್ದೆವು. ತತ್ವ ಹೊಳೆದದ್ದು ಆಮೇಲೆ.

ಭಾವ ಎಂದರೆ ನನ್ನ ಅಕ್ಕನ ಗಂಡ ಗಂಗಾಧರಯ್ಯನವರು. ಹಾಲ್ಕುರಿಕೆ ಪಕ್ಕದಲ್ಲಿ ಅವರ ತೆಂಗಿನ ತೋಟ. ಲಾರಿ ಅವರ ತಂದೆ ಕೊಂಡದ್ದು. ಮೂತಿ ಮುಂದಕ್ಕೆ ಚಾಚಿಕೊಂಡು, ಎರಡು ದೀಪಗಳನ್ನು ಗುಡ್ಡೆಗಣ್ಣಿನ ಹಾಗೆ ಹೊರಗಿಟ್ಟುಕೊಂಡು, ಯಾರ ಮೇಲೋ ಮುನಿಸಿಕೊಂಡಂತೆ ಕಾಣುವ ಗಾಡಿ. ಒಂದು ಕಾಲಕ್ಕೆ ಸುತ್ತಲ ಹಳ್ಳಿಗಳ ಕೊಬ್ಬರಿಯನ್ನೆಲ್ಲ ತಿಪಟೂರಿನ ಮಂಡಿಗೆ ಹೊತ್ತದ್ದು ಇದೇ. ಈಗ ಅದಕ್ಕೆ ಕೆಲಸವಿಲ್ಲ. ಸಕ್ಕರೆ ಕಾಯಿಲೆ ಇದೆ, ದಿನವೂ ಸ್ವಲ್ಪ ದೂರ ಹೋಗಿ ಬನ್ನಿ ಎಂದು ಡಾಕ್ಟರು ಭಾವನಿಗೆ ಹೇಳಿದರು. ಭಾವ ಆ ಸಲಹೆಯನ್ನು ಲಾರಿಗೆ ವರ್ಗಾಯಿಸಿದರು. ತಿಂಗಳಿಗೊಮ್ಮೆ ಅದನ್ನು ಕಿಬ್ಬನಹಳ್ಳಿ ಕ್ರಾಸಿನವರೆಗೆ ಓಡಿಸಿ, ಅಲ್ಲಿ ಟೀ ಕುಡಿದು, ವಾಪಸ್ಸು ತರುತ್ತಾರೆ. ಲಾರಿಯ ಆರೋಗ್ಯ ಬಹಳ ಸುಧಾರಿಸಿದೆ.

ಹುಟ್ಟಿನಿಂದ ಅದು ಪೆಟ್ರೋಲ್ ಲಾರಿ. ಪೆಟ್ರೋಲ್ ತುಟ್ಟಿಯಾದ ಮೇಲೆ ಭಾವನ ತಂದೆ ಡೀಸೆಲ್ ಇಂಜಿನ್ ಕೂರಿಸಿ, ಹೊರಗಡೆ ಬೇರೊಂದು ಟ್ಯಾಂಕು ತೂಗುಹಾಕಿಸಿದರು. ಹಳೇ ಟ್ಯಾಂಕು ಡ್ರೈವರ್ ಸೀಟಿನ ಕೆಳಗೆ ಇದ್ದಲ್ಲೇ ಉಳಿಯಿತು. ಅದರ ಬಾಯಿ ಬಾಗಿಲ ಹಿಂದೆ, ಎಲ್ಲರಿಗೂ ಕಾಣುವಂತೆ, 'ಪೆಟ್ರೋಲ್' ಎಂದು ಇಂಗ್ಲಿಷಿನಲ್ಲಿ ಉಬ್ಬಕ್ಷರವಿದ್ದ ಹಿತ್ತಾಳೆ ಮುಚ್ಚಳ ಹೊತ್ತುಕೊಂಡು, ಮಾಜಿ ಅಧ್ಯಕ್ಷರ ಮನೆಯ ನಾಮಫಲಕದಂತೆ ಕೂತಿತ್ತು. ತೆಂಗಿನಕಾಯಿಗೆ ಮೂರು ಕಣ್ಣಿದೆ, ನೋಡಿ. ಅದರಲ್ಲಿ ಎರಡು ಗಟ್ಟಿ, ಒಂದು ಮಾತ್ರ ಮೆತ್ತಗೆ. ಮೊಳಕೆ ಹೊರಡುವುದು ಅದೊಂದರಿಂದಲೇ. ಬೇಡದ ಕಣ್ಣನ್ನು ಭದ್ರವಾಗಿ ಮುಚ್ಚಿಬಿಡಬೇಕೆಂಬ ಮುಂದಾಲೋಚನೆ ಸೃಷ್ಟಿಕರ್ತನಿಗಿತ್ತು. ಭಾವನ ತಂದೆಗೆ ಇರಲಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ದಿನ ಲಾರಿಯ ಜೊತೆ ನಾನೂ ಕ್ರಾಸಿಗೆ ಹೋಗಿದ್ದೆ. ಭಾವ ಬಂಕಿನಲ್ಲಿ ಗಾಡಿ ನಿಲ್ಲಿಸಿ, "ಟ್ಯಾಂಕ್ ತುಂಬ್ಸಮ್ಮ" ಎಂದು ಹೇಳಿ ನನ್ನನ್ನು ಟೀ ಅಂಗಡಿಗೆ ಎಳೆದುಕೊಂಡು ಹೋದರು. ಬಂಕಿನ ಹೆಣ್ಣುಮಗಳು ಹೊಸಬಳು, ಓದಿದವಳು. ಮುಚ್ಚಳದ ಮೇಲಿದ್ದುದನ್ನು ಓದಿದಳು, ಓದಿದ್ದನ್ನು ನಂಬಿದಳು, ನಂಬಿದ್ದನ್ನು ಮಾಡಿದಳು. ಮುದ್ರಿತವಾದದ್ದನ್ನು ಇಷ್ಟು ಗೌರವದಿಂದ ಕಾಣುವವರು ಈಗ ಎಲ್ಲಿ ಸಿಗುತ್ತಾರೆ? ಹಾದಿಯಲ್ಲಿ ಸೀಟಿನಡಿಯಿಂದ ಘಾಟು ಮೇಲೇಳತೊಡಗಿದಾಗ ನಮಗೆ ವಿಷಯ ಗೊತ್ತಾಯಿತು. ಭಾವ ಬೀಡಿ ಬಿಟ್ಟು ಬಹಳ ಕಾಲವಾಗಿತ್ತು; ಹಾಗಾಗಿ ಮನೆ ಸೇರಿದೆವು.

ಇಳಿದವರೇ ಭಾವ ಶಪಥ ಮಾಡಿದರು. "ಇನ್ ಈ ತೂತು ಇರ್ಕೂಡ್ದು ಕಣಯ್ಯ ನಂಜುಂಡ. ನಾಳೇನೇ ವೆಲ್ಡಿಂಗ್ ಹೊಡ್ಸಿಬುಡ್ತೀನಿ."

ಆ ಸಂಜೆಯೇ ಟ್ಯಾಂಕಿನ ತಳದ ಬಿರಡೆ ಬಿಚ್ಚಿ ಪೆಟ್ರೋಲನ್ನೆಲ್ಲ ತಗಡಿನ ಡಬ್ಬಕ್ಕೆ ಇಳಿಸಿದೆವು. ಡಬ್ಬದಿಂದ ಅದು ಮನೆಯ ಮೊಪೆಡ್ಡಿಗೂ ನನ್ನ ಸ್ಕೂಟರಿಗೂ ಪ್ರಸಾದದ ರೂಪದಲ್ಲಿ ಹಂಚಿಹೋಯಿತು. ಬಿರಡೆ ಮತ್ತೆ ಬಿಗಿಯಾಯಿತು. ಟ್ಯಾಂಕನ್ನೇ ಕಳಚಿ ತೆಗೆಯಬಹುದಿತ್ತಲ್ಲ ಎಂದರೆ, ಅದರ ಬೋಲ್ಟುಗಳು ತುಕ್ಕು ಹಿಡಿದು ಒಂದಾಗಿ ಹೋಗಿದ್ದವು. "ಬಾಯಿ ಮುಚ್ಚಿದ್ರೆ ಹೊಟ್ಟೆ ಯಾರಿಗ್ ಕಾಣ್ತೈತೆ?" ಎಂದರು ಭಾವ.

ಮರುದಿನ ವೆಲ್ಡಿಂಗ್ ಸಿದ್ದೇಶ ತನ್ನ ಮಿಷನ್ನನ್ನು ಆಟೋದಲ್ಲಿ ಹೇರಿಕೊಂಡು ಬಂದ. ಅವನು ಮಾಡುವುದು ಗೇಟು, ಗ್ರಿಲ್ಲು, ಕೊಟ್ಟಿಗೆಯ ಚಾವಣಿ. ಕಬ್ಬಿಣವೆಂದರೆ ಅವನಿಗೆ ಮೂಲದಲ್ಲಿ ಎಲ್ಲವೂ ಗೇಟೇ. ತೂತಿನ ಅಳತೆಗೆ ದುಂಡಗೆ ಒಂದು ತಗಡು ಕತ್ತರಿಸಿ, "ಐದ್ ನಿಮಿಷದ ಕೆಲ್ಸ ಯಜಮಾನ್ರೆ" ಎಂದ. ಆಮೇಲೆ ಮೂಗೆಳೆದು, "ಒಳಗೆ ಏನಿಲ್ವಲ್ಲ?" ಎಂದು ಕೇಳಿದ.

ಇಲ್ಲಿ ನಮ್ಮ ಸೀಮೆಯ ವಿದ್ಯೆಯೊಂದನ್ನು ಹೇಳಬೇಕು. ನಾವು ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹರಡಿ ವರ್ಷದ ಹತ್ತಿರ ಮರೆತುಬಿಡುತ್ತೇವೆ. ಒಳಗಿನ ನೀರು ಹಿಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆಯಿತೋ ಇಲ್ಲವೋ ಎಂದು ಒಡೆದು ನೋಡುವಂತಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರು ಕುಲುಕಿದರೆ ಇನ್ನೂ ಇಲ್ಲ, ಕುಲುಕದಿದ್ದರೆ ಆಯಿತು. ಭಾವನ ಕಿವಿ ಈ ವಿಷಯದಲ್ಲಿ ಸುಪ್ರೀಂ ಕೋರ್ಟು. ರಾಶಿಯ ಬಗ್ಗೆ ತಕರಾರು ಬಂದರೆ ಅರಳಗುಪ್ಪೆಯಿಂದಲೂ ಅವರನ್ನು ಕರೆಯಲು ಬರುತ್ತಾರೆ.

ಈ ಕಿವಿಯನ್ನು ಭಾವ ಟ್ಯಾಂಕಿನ ಬಾಯಿಗೆ ಕೊಟ್ಟರು. "ಅಲ್ಲಾಡ್ಸಿ" ಎಂದು ಅಪ್ಪಣೆಯಾಯಿತು. ನಾನೂ ಸಿದ್ದೇಶನೂ ಲಾರಿಯ ಹೆಗಲಿಗೆ ಹೆಗಲು ಕೊಟ್ಟು ಜಗ್ಗಾಡಿದೆವು. ಗಾಡಿ ತೊಟ್ಟಿಲಿನಂತೆ ತೂಗಿತು. ಭಾವ ಕಣ್ಣು ಮುಚ್ಚಿ ಆಲಿಸಿ ತೀರ್ಪು ಕೊಟ್ಟರು: "ಒಂದ್ ತೊಟ್ಟೂ ಇಲ್ಲ. ಕೊಬ್ಬರಿ ಆಗೋಗೈತೆ. ಹೊಡಿಲಾ ವೆಲ್ಡಿಂಗು."

ನಾನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಒಮ್ಮೆ ಅಗ್ನಿಶಾಮಕ ದಳದ ಅಧಿಕಾರಿಯೊಬ್ಬರು ಸೈಟು ನೋಂದಾಯಿಸಲು ಬಂದಿದ್ದರು. ಸರ್ವರ್ ಇರಲಿಲ್ಲ. ಅದು ಬರುವವರೆಗೆ ಅವರು ತಮ್ಮ ಇಲಾಖೆಯ ವಿಷಯ ಹೇಳುತ್ತ ಕೂತರು. ಪೆಟ್ರೋಲ್ ಟ್ಯಾಂಕಿನ ಬಗ್ಗೆ ಅವರು ಹೇಳಿದ ಮಾತೊಂದು ನನಗೆ ನೆನಪಿತ್ತು. ನೆನಪಿದ್ದದ್ದು ಅರ್ಧ ಮಾತ್ರ. ತುಂಬಿದ್ದಕ್ಕಿಂತ ಖಾಲಿಯದು ಕೆಟ್ಟದ್ದು ಅಂದರೋ, ಖಾಲಿಯದಕ್ಕಿಂತ ತುಂಬಿದ್ದು ಕೆಟ್ಟದ್ದು ಅಂದರೋ? ಒಂದಾದರೆ ನಾವು ಬದುಕಿದೆವು. ಇನ್ನೊಂದಾದರೆ ಟ್ಯಾಂಕಿನ ಮೇಲೆ ಸೀಟು, ಸೀಟಿನ ಮೇಲೆ ಭಾವ. ಏಕೆಂದರೆ ಅಷ್ಟರಲ್ಲಿ ಭಾವ ಡ್ರೈವರ್ ಸೀಟಿನಲ್ಲಿ ವಿರಾಜಮಾನರಾಗಿ, ತೆರೆದ ಬಾಗಿಲಿಂದ ಕೈ ಹೊರಗೆ ಚಾಚಿ, ಒಂದು ಮರದ ತುಂಡಿನಿಂದ ತಗಡನ್ನು ತೂತಿಗೆ ಒತ್ತಿ ಹಿಡಿದಿದ್ದರು. ಅದರ ಎದುರು ಸಿದ್ದೇಶ ಕುಕ್ಕುರುಗಾಲಲ್ಲಿ ಕೂತು ವೆಲ್ಡಿಂಗ್ ಕಡ್ಡಿ ಸಿಕ್ಕಿಸಿಕೊಂಡಿದ್ದ. ಇನ್ನು ಬೇಕಾಗಿದ್ದುದು ಕರೆಂಟು ಮಾತ್ರ.

ತೋಟಕ್ಕೆ ತ್ರೀ ಫೇಸ್ ಬರುವುದು ಸರದಿಯಲ್ಲಿ. ಆ ವಾರ ನಮ್ಮದು ಮಧ್ಯಾಹ್ನದ ಸರದಿ. ಪಕ್ಕದ ತೋಟದ ಮೋಟರಿಗೆ ತಾನೇ ಚಾಲೂ ಮಾಡುವ ಸ್ಟಾರ್ಟರ್ ಇದೆ; ಅದು ಗುಂಯ್ ಅಂದರೆ ಕರೆಂಟು ಬಂತೆಂದು ಅರ್ಥ. ಅಂದ ಕೂಡಲೇ ಮೋಟರ್ ಮನೆಯಲ್ಲಿ ಮೇನ್ ಸ್ವಿಚ್ಚು ಎತ್ತುವ ಜವಾಬ್ದಾರಿ ನನ್ನದು. ಅಂದರೆ, ಪಕ್ಕದ ತೋಟದ ಮೋಟರು ಗುಂಯ್ ಅನ್ನುವಷ್ಟರಲ್ಲಿ ಅಗ್ನಿಶಾಮಕದವರ ವಾಕ್ಯದ ಉಳಿದರ್ಧ ನನಗೆ ಹೊಳೆಯಬೇಕಾಗಿತ್ತು.

"ಭಾವ, ವಾಸನೆ ಇನ್ನೂ ಇದ್ದಂಗಿದೆಯಲ್ಲ?" ಎಂದು ದೂರದಿಂದಲೇ ಕೇಳಿದೆ.

"ಇರ್ದೆ ಏನ್ ಮಾಡ್ತೈತೆ? ಈರುಳ್ಳಿ ಹೆಚ್ಚಿದ ಚಾಕು ವಾಸ್ನೆ ಬರಲ್ವಾ? ಹಂಗಂತ ಚಾಕು ಒಳಗೆ ಈರುಳ್ಳಿ ಐತಾ?"

ತರ್ಕಶಾಸ್ತ್ರದಲ್ಲಿ ಇದಕ್ಕೊಂದು ಉತ್ತರ ಖಂಡಿತ ಇದ್ದೀತು. ನಾನು ವಾಯಿದೆ ಕೇಳಿದೆ.

"ಒಂದು ವಾರ ಬಿಟ್ಟು ಹಾಕಿಸಿದ್ರೆ..."

"ಒಳ್ಳೇ ಗುಮಾಸ್ತ ಕಣಯ್ಯ ನೀನು! ನಿಮ್ ಕಚೇರಿ ಮಾತೆಲ್ಲ ಇಲ್ಲಿ ಬ್ಯಾಡ. ಸುಮ್ನೆ ಸ್ವಿಚ್ ಮೇಲೆ ಕೈ ಇಡು."

ಸಿದ್ದೇಶ ಕಿಸಕ್ಕನೆ ನಕ್ಕ. ನಮ್ಮ ಮನೆತನದಲ್ಲಿ ಅಕ್ಕನ ಗಂಡನಿಗೆ, ಅದೂ ಮೂರನೆಯವನ ಎದುರಿಗೆ, ತಪ್ಪು ನಿಮ್ಮದು ಎಂದು ಹೇಳಿದ ದಾಖಲೆಯಿಲ್ಲ. ಭಾವನಿಗೆ ಎದುರಾಡುವುದಕ್ಕಿಂತ ಭಾವನ ಜೊತೆಯಲ್ಲಿ ಸಿಡಿದುಹೋಗುವುದೇ ಸಂಪ್ರದಾಯಕ್ಕೆ ಹತ್ತಿರ. ಮೋಟರ್ ಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಬಿಸಿಲಿಗೆ ಲಾರಿಯ ತಗಡು ಕಾದು ಅದರ ಮೇಲೆ ಗಾಳಿ ನಡುಗುತ್ತಿತ್ತು. ಭಾವನ ಮುಂಗೈಯ ಬೆವರು ಮೊಣಕೈಗೆ ಹರಿದು ತೊಟ್ಟಿಕ್ಕುತ್ತಿತ್ತು. ನನ್ನ ಮದುವೆಯಲ್ಲಿ ಹೋಳಿಗೆ ತಟ್ಟೆ ಹಿಡಿದು ಓಡಾಡಿದ ಕೈ ಅದು. ಸಿದ್ದೇಶ ಮುಖಕ್ಕೆ ಕಪ್ಪು ಗಾಜಿನ ಅಡ್ಡಹಲಗೆ ಹಿಡಿದು, ತೆಗೆದು, ಮತ್ತೆ ಹಿಡಿದು ಕಾಯುತ್ತಿದ್ದ. ತೋಟದಲ್ಲಿ ಒಂದು ಗರಿಯೂ ಅಲ್ಲಾಡಲಿಲ್ಲ.

ಗುಂಯ್.

"ಬಂತು ಕಣಯ್ಯ, ಎತ್ತು!" ಎಂದು ಭಾವ ಕೂಗಿದರು.

ನನ್ನ ಕೈ ಎತ್ತಲಿಲ್ಲ. ಅದು ಬೋರ್ಡಿನಿಂದ ಒಂದಾದ ಮೇಲೊಂದರಂತೆ ಮೂರೂ ಫ್ಯೂಸುಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡಿತು. ಇದನ್ನು ಧೈರ್ಯವೆಂದು ತಿಳಿಯಬೇಡಿ. ಮಾತಾಡುವ ಧೈರ್ಯವಿಲ್ಲದವನು ಮಾಡುವ ಕೆಲಸ ಇದು.

"ಏನಾಯ್ತಯ್ಯ?"

"ಫ್ಯೂಸ್ ಇಲ್ಲ ಭಾವ."

"ನಾನ್ ಹಾಕ್ತೀನಿ ಬುಡಿ ಸಾರ್, ಒಂದ್ ವೈರ್ ಸುತ್ತಿದ್ರೆ ಆಯ್ತು" ಎಂದು ಸಿದ್ದೇಶ ಎದ್ದು ಬಂದೇಬಿಟ್ಟ. ಬೋರ್ಡು ನೋಡಿದ, ನನ್ನ ಜೇಬು ನೋಡಿದ. "ಯಜಮಾನ್ರೆ, ಫ್ಯೂಸ್ ಸಾರ್ ಜೇಬಲ್ಲೈತೆ!"

ಭಾವ ಇಳಿದು ಬಂದರು. ಕೂಗಾಟ ಕೇಳಿ ಅಕ್ಕನೂ ಹಿತ್ತಲ ಒಲೆಯ ಬಳಿಯಿಂದ ಬೆಂಕಿಪೊಟ್ಟಣ ಹಿಡಿದೇ ಬಂದಳು. ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. "ಭಾವ, ಟ್ಯಾಂಕು ಖಾಲಿ ಇಲ್ಲ, ಒಳಗೆ ಆವಿ ಇದೆ. ನೀವು ಹೇಳಿದ್ದು ತಪ್ಪು. ಸಿಡಿಯುತ್ತೆ" ಎಂದೆ. ಧ್ವನಿ ನನ್ನದೇ ಎಂದು ನಂಬುವುದು ಕಷ್ಟವಾಯಿತು.

ಭಾವನ ಮುಖ ಕೆಂಪಾಯಿತು. "ತತ್ತಾರ್ಲಾ ಆ ಡಬ್ಬಾವ" ಎಂದರು. ಹಿಂದಿನ ಸಂಜೆ ಪೆಟ್ರೋಲು ಹಿಡಿದು, ಬಗ್ಗಿಸಿ, ಮುಚ್ಚಳ ಹಾಕಿಟ್ಟಿದ್ದ ಡಬ್ಬ ಬಂತು. ಅದನ್ನು ನನ್ನ ಕಿವಿಗೆ ಒತ್ತಿ ಅಲ್ಲಾಡಿಸಿದರು. "ಕೇಳುಸ್ತೈತಾ? ಏನಾರ ಕೇಳುಸ್ತೈತಾ? ಟ್ಯಾಂಕು ಹಿಂಗೇ ಐತೆ. ನೋಡು, ಈಗ ಇದಕ್ಕೆ ಕಡ್ಡಿ ಗೀರಿ ತೋರುಸ್ತೀನಿ, ನಿನ್ ಪುಕ್ಕಲ್ತನ ಬುಡ್ಲಿ." ಮುಚ್ಚಳ ತಿರುಪಿ ತೆಗೆದು, ಬೆಂಕಿಪೊಟ್ಟಣ ಕೊಡೆಂದು ಅಕ್ಕನ ಕಡೆಗೆ ಕೈಚಾಚಿದರು.

ಅಕ್ಕ ಬೆಂಕಿಪೊಟ್ಟಣವನ್ನು ಸೆರಗಿನಲ್ಲಿ ಸುತ್ತಿಕೊಂಡಳು. "ತೋರ್ಸೋದಾದ್ರೆ ದೂರದಿಂದ ತೋರ್ಸಿ. ಮುದ್ದೆ ಕಟ್ಟಿಟ್ಟಿದೀನಿ, ಮೂರು ಜನಾನೂ ಉಣ್ಣಕ್ ಬರ್ಬೇಕು."

"ಏ, ನೀನೂ ಸರಿ ಕಣೇ, ನಿನ್ ತಮ್ಮನೂ ಸರಿ" ಎಂದು ಭಾವ ಗೊಣಗಿದರು. ಆದರೆ ಮುದ್ದೆಯ ಮಾತಿಗೆ ಎದುರು ಹೇಳುವ ಪದ್ಧತಿ ಆ ಮನೆಯಲ್ಲೂ ಇಲ್ಲ. ಲಾರಿಯಿಂದ ಬಹುದೂರ, ಖಾಲಿ ಹೊಲದ ನಡುವೆ ಡಬ್ಬ ಇಟ್ಟದ್ದಾಯಿತು. ಕಾಯಿ ಕೀಳುವ ದೋಟಿ ತಂದು, ಅದರ ತುದಿಗೆ ನಾರು ಸುತ್ತಿ ಹೊತ್ತಿಸಿದ್ದಾಯಿತು. ಎರಡಾಳುದ್ದಕ್ಕಿಂತ ಹೆಚ್ಚಿನ ಬಿದಿರಿನ ಈ ತುದಿಯಲ್ಲಿ ಭಾವ. ಅವರ ಹಿಂದೆ, ಪ್ರೇಕ್ಷಕರಾಗಿ, ಬದುವಿನ ಮರೆಯಲ್ಲಿ ನಾವು. ಅಕ್ಕ ಕೂಗಿದ ಮೇಲೆ ಭಾವನೂ ಬದುವಿನ ಹಿಂದಕ್ಕೆ ಸರಿದರು. ಉರಿಯುವ ನಾರು ಓಲಾಡುತ್ತ, ಒಮ್ಮೆ ತಪ್ಪಿ, ಇನ್ನೊಮ್ಮೆ ಡಬ್ಬದ ಬಾಯಿಯ ಹತ್ತಿರ ಸುಳಿಯಿತು.

ಸದ್ದು ಹೇಗಿತ್ತೆಂದು ನನಗೆ ಹೇಳಲು ಬರುವುದಿಲ್ಲ. ಡಬ್ಬ ನೆಲದಲ್ಲಿರಲಿಲ್ಲ. ಮೇಲೆ ನೋಡಿದೆವು, ತೆಂಗಿನ ಸುಳಿಗಿಂತ ಎತ್ತರದಲ್ಲಿ ಏನೋ ಮಿನುಗಿ, ಯೋಚಿಸಿ, ಬದುವಿನ ಆಚೆ ಬಂದು ಬಿತ್ತು. ತಳ ಕಿತ್ತುಹೋಗಿ, ಹೊಟ್ಟೆ ಹೂವಿನ ಹಾಗೆ ಅರಳಿತ್ತು. ಕೊಟ್ಟಿಗೆಯಲ್ಲಿ ಎಮ್ಮೆ ಒಂದೇ ಸಮನೆ ಅರಚುತ್ತಿತ್ತು. ಅಗ್ನಿಶಾಮಕದವರ ವಾಕ್ಯದ ಉಳಿದರ್ಧವೂ ಸಿಕ್ಕಿತು: ಖಾಲಿಯದೇ ಕೆಟ್ಟದ್ದು.

ಭಾವ ದೋಟಿ ಕೆಳಗೆ ಹಾಕಿದರು. ಮೊದಲು ಡಬ್ಬ ನೋಡಿದರು, ಆಮೇಲೆ ದೂರದಲ್ಲಿದ್ದ ಲಾರಿ, ಆಮೇಲೆ ತಮ್ಮ ಬಲಗೈ. ಬದುವಿನ ಮೇಲೆ ಕೂತುಬಿಟ್ಟರು.

"ಡಬ್ಬ ಇಷ್ಟೇ ಇಷ್ಟು ಕಣಯ್ಯ. ಟ್ಯಾಂಕು..." ಎಂದು ಎರಡೂ ಕೈ ಅಗಲಿಸಿದರು.

ಸಿದ್ದೇಶ ಅಡ್ಡಹಲಗೆಯನ್ನು ಇನ್ನೂ ಕೈಯಲ್ಲೇ ಹಿಡಿದಿದ್ದ. "ಯಜಮಾನ್ರೆ, ಇನ್ಮೇಲೆ ನಾನು ಗೇಟ್ ಮಾತ್ರ" ಎಂದ.

ಅಕ್ಕ ಗಂಡನ ತೋಳು ಹಿಡಿದು ಎಬ್ಬಿಸಿದಳು. ಅಡುಗೆಮನೆ ಸೇರುವವರೆಗೂ ಬಿಡಲಿಲ್ಲ. ನಾವು ಮೂವರೂ ಸಾಲಾಗಿ ಕೂತು ಮುದ್ದೆ ಉಂಡೆವು. ಎರಡನೇ ಮುದ್ದೆಗೆ ಬಂದಾಗ ಭಾವ, "ಅನುಮಾನ ನಂಗೂ ಇತ್ತು ಅನ್ನು" ಎಂದರು. ಅಕ್ಕ ಅವರಿಗೆ ಇನ್ನಷ್ಟು ಸಾರು ಬಡಿಸಿದಳು. ಆ ಸಾರಿನ ಕಡೆ ನೋಡುತ್ತ ಭಾವ, "ಆ ಫ್ಯೂಸು ನಿನ್ ಹತ್ರನೇ ಇರ್ಲಿ ಬುಡು, ನಂಜುಂಡ" ಎಂದರು. ನಮ್ಮ ಕಡೆ ಹಿರಿಯರು ಕ್ಷಮೆ ಕೇಳುವುದಿಲ್ಲ. ಕೇಳಿದರೆ ಅದು ಹೀಗೇ ಇರುತ್ತದೆ.

ಹಿರಿಯರಿಗೆ ಎದುರು ಹೇಳಬಾರದೆಂಬುದು ಒಳ್ಳೆಯ ನಿಯಮವೆಂದು ನಾನು ಈಗಲೂ ನಂಬುತ್ತೇನೆ. ಆದರೆ ಆ ನಿಯಮ ಉಳಿಯಬೇಕಾದರೆ ಹಿರಿಯರೂ ಉಳಿದಿರಬೇಕಾಗುತ್ತದೆ.

ಒಂದು ವಾರದ ನಂತರ ಭಾವ ಬೋಲ್ಟುಗಳಿಗೆ ಎಣ್ಣೆ ಬಿಟ್ಟು, ಕೈಯಲ್ಲೇ ಬಿಚ್ಚಿ, ಹಳೇ ಟ್ಯಾಂಕನ್ನು ಇಡಿಯಾಗಿ ಹೊರಗೆ ತೆಗೆದರು. ತೂತಿಗೆ ರಬ್ಬರಿನ ಮೇಲೆ ತಗಡು ಇಟ್ಟು, ಸ್ಕ್ರೂ ಬಿಗಿದು ಮುಚ್ಚಲಾಗಿದೆ.