ಹೋರಿಯ ಫ್ಲೆಕ್ಸು, ಅಣ್ಣನ ಸೆಟ್ಟಿಂಗು

ನಮ್ಮ ಫ್ಲೆಕ್ಸ್ ಅಂಗಡಿಯ ಕಂಪ್ಯೂಟರ್ ಆನ್ ಆಗುವಷ್ಟರಲ್ಲಿ ಶಿಗ್ಗಾಂವಿಯಿಂದ ಹೊರಟ ಬಸ್ಸು ಬಂಕಾಪುರ ಮುಟ್ಟುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ, ನನಗೇನು. ಪುಕ್ಕಟೆ ಸಲಹೆ ಕೊಡುತ್ತಿದ್ದರಲ್ಲ, ಅದಕ್ಕೆ ಮೈಯೆಲ್ಲ ಉರಿಯುತ್ತಿತ್ತು. ಆನ್ ಆದ ಕೂಡಲೇ ಮೇಲಿಂದ ಮೇಲೆ ರಿಫ್ರೆಶ್ ಒತ್ತಬೇಕು ಎನ್ನುವವರೊಬ್ಬರು, ರ‍್ಯಾಮ್ ಕಿತ್ತು ಪೆನ್ಸಿಲ್ ರಬ್ಬರಿನಿಂದ ತಿಕ್ಕಬೇಕು ಎನ್ನುವವರು ಇನ್ನೊಬ್ಬರು. ರಿಫ್ರೆಶ್ ಒತ್ತಿದರೆ ಪರದೆಯ ಚಿತ್ರ ಮತ್ತೊಮ್ಮೆ ಮೂಡುತ್ತದೆ, ವೇಗ ಬರುವುದಿಲ್ಲ ಎಂದು ನಾನು ಗಂಟಲು ಹರಿದುಕೊಂಡದ್ದೇ ಬಂತು.

ಇಂಥ ಸಲಹೆಗಳ ಪರಮಭಕ್ತ ನಮ್ಮಣ್ಣ. ಅಂಗಡಿಯಲ್ಲಿ ಡಿಸೈನ್ ನನ್ನದು, ಪ್ರಿಂಟಿಂಗ್ ಯಂತ್ರ ಅವನದು. ಯಂತ್ರ ಖಾಲಿ ಇದ್ದಾಗ ಅವನ ಕೈ ನನ್ನ ಕಂಪ್ಯೂಟರಿನ ಮೇಲೆ.

ಒಂದು ಬೇಸಿಗೆಯ ಬೆಳಗ್ಗೆ ಶಟರ್ ಎತ್ತುತ್ತಿದ್ದಂತೆ ದುಂಡಸಿಯ ಹೆಣ್ಣುಮಗಳೊಬ್ಬಳು ಬಂದು ನಿಂತಳು. ಅತ್ತು ಅತ್ತು ಕಣ್ಣು ಊದಿದ್ದವು. ಅವಳ ಹೋರಿ ನಸುಕಿನಲ್ಲಿ ತೀರಿಕೊಂಡಿತ್ತು. ದೀಪಾವಳಿಯ ಹೋರಿ ಬೆದರಿಸುವ ಆಟದಲ್ಲಿ ಕೊರಳಿನ ಕೊಬ್ಬರಿ ಸರವನ್ನು ಯಾರ ಕೈಗೂ ಸಿಗಗೊಡದೆ ಓಡಿದ ಹೋರಿ ಅದು. ನಮ್ಮ ಕಡೆ ಅಂಥ ಹೋರಿ ಸತ್ತರೆ ಮನೆಯ ಹಿರಿಯರು ಹೋದ ಹಾಗೆಯೇ. ಅದರ ಫೋಟೋ ಇರುವ ಫ್ಲೆಕ್ಸನ್ನು ಟ್ರ್ಯಾಕ್ಟರಿಗೆ ಕಟ್ಟಿ, ಹಲಗಿ ಬಾರಿಸುತ್ತ ಊರೆಲ್ಲ ಮೆರವಣಿಗೆ ಮಾಡಿ, ಹೊಲದಲ್ಲಿ ಮಣ್ಣು ಕೊಡುತ್ತಾರೆ.

"ಬಿಸಲು ಏರೂದ್ರಾಗ ಮಣ್ಣ ಮಾಡಬೇಕಂತಾರವ್ವಾ. ಕರು ಇದ್ದಾಗಿಂದ ನನ್ನ ಕೈಯಾಗ ತಿಂದು ಬೆಳದದ್ದದು. ಅದರ ಮಾರಿ ಊರಿಗೆಲ್ಲ ಕಾಣೂಹಂಗ ಒಂದ ಫ್ಲೆಕ್ಸ್ ಮಾಡಿಕೊಡ" ಅಂದಳು.

ಅವಳ ಮೊಬೈಲ್ ಕೆಟ್ಟು ಫೋಟೋಗಳೆಲ್ಲ ಹೋಗಿದ್ದವು. ಇನ್ನು ಉಳಿದದ್ದು ನಮ್ಮ ಕಂಪ್ಯೂಟರಿನಲ್ಲಿದ್ದದ್ದೊಂದೇ, ದೀಪಾವಳಿಗೆಂದು ಮಾಡಿದ ಡಿಸೈನಿನಲ್ಲಿ. ಆಗ ಪ್ರಿಂಟ್ ಮಾಡಿಕೊಟ್ಟ ಫ್ಲೆಕ್ಸ್ ಏನಾಯಿತು ಎಂದು ಕೇಳಿದೆ.

"ಹೊಟ್ಟಿನ ಬಣವಿಗೆ ಹೊದಿಸೇವವ್ವಾ. ಬಿಸಲಿಗೆ ಬಣ್ಣೆಲ್ಲಾ ಹಾರೇತಿ."

"ನೀವು ಹೋಗಿ ಊರಾಗಿನವರನ್ನ ತಡೀರಿ, ನಾವ ತಂದು ಮುಟ್ಟಸ್ತೇವಿ" ಅಂದೆ. ಅವಳು ಹೋಗಲಿಲ್ಲ, ಬೆಂಚಿನ ಮೇಲೆ ಕುಂತಳು.

ಕಂಪ್ಯೂಟರಿನ ಗುಂಡಿ ಒತ್ತಿದೆ. ಪರದೆಯ ಮೇಲೆ ಚುಕ್ಕೆಗಳು ಸುತ್ತತೊಡಗಿದವು, ಸುತ್ತುತ್ತಲೇ ಇದ್ದವು. ನಮ್ಮದು ನಿಧಾನದ ಕಂಪ್ಯೂಟರ್ ನಿಜ, ಇಷ್ಟು ಎಂದೂ ಸತಾಯಿಸಿರಲಿಲ್ಲ. ಕೊನೆಗೆ ಡೆಸ್ಕ್‌ಟಾಪ್ ಬಂತು. ಹೋರಿಯ ಡಿಸೈನ್ ತೆರೆದರೆ ಕೊಂಬು ಕಾಣಿಸಿತು, ಮುಖ ಬರುವ ಮೊದಲೇ ಎಲ್ಲ ಗಕ್ಕನೆ ನಿಂತಿತು.

"ಎದ್ದಿತೇನವ್ವಾ?" ಎಂದಳು ಆಕೆ, ಕೊಟ್ಟಿಗೆಯಲ್ಲಿ ಮಲಗಿದ ದನವನ್ನು ವಿಚಾರಿಸುವ ಹಾಗೆ.

ಆಗ ಅಣ್ಣ ಹಿಂದಿನಿಂದ ಮೆಲ್ಲಗೆ ಬಾಯಿ ಬಿಟ್ಟ. "ನಿನ್ನಿ ಒಂದ ವಿಡಿಯೋ ನೋಡಿ ಬೂಟ್ ಸೆಟ್ಟಿಂಗ್ ಬದಲ ಮಾಡೇನಿ. ಪ್ರೊಸೆಸರ್, ಮೆಮೊರಿ ಎರಡೂ ಖಾನೆ ಖಾಲಿ ಇದ್ವು. ಅದಕ್ಕ ನಿಧಾನ ಆಕ್ಕೈತಿ ಅಂತ, ವಿಡಿಯೋದಾಗ ಎಷ್ಟ ಹಾಕಿದ್ರೋ ಅಷ್ಟs ಹಾಕೇನಿ."

ನನಗೆ ಅವನ ತಲೆಗೆ ಕೀಬೋರ್ಡಿನಿಂದ ಬಾರಿಸಬೇಕೆನಿಸಿತು. ಆ ಖಾನೆಗಳು ಖಾಲಿ ಇದ್ದರೇನೇ ಕಂಪ್ಯೂಟರ್ ತನ್ನಲ್ಲಿರುವುದನ್ನೆಲ್ಲ ಬಳಸುತ್ತದೆ. ಅಂಕಿ ತುಂಬಿದರೆ ಅಷ್ಟಕ್ಕೇ ಕಡಿವಾಣ ಬೀಳುತ್ತದೆ. ಸಾಫ್ಟ್‌ವೇರ್ ಪರೀಕ್ಷೆ ಮಾಡುವವರಿಗೆಂದು ಇಟ್ಟ ಖಾನೆ ಅವು. ಏಳಲಾರದ ಕಂಪ್ಯೂಟರಿನ ಕೈಕಾಲು ಕಟ್ಟಿ ಓಡು ಅಂದಿದ್ದ ನಮ್ಮಣ್ಣ.

ಹೆಣಗಾಡಿ ಡಿಸೈನ್ ಮುಚ್ಚಿ, ಸೆಟ್ಟಿಂಗಿಗೆ ಹೋಗಿ ಆ ಎರಡೂ ಖಾನೆಗಳ ಟಿಕ್ ತೆಗೆದೆ. ತೆಗೆದರೆ ಸಾಲದು, ರೀಸ್ಟಾರ್ಟ್ ಆಗಬೇಕು. ಮತ್ತೆ ಅದೇ ಚುಕ್ಕೆಗಳು. ಹೊರಗೆ ಬಿಸಿಲು ಏರುತ್ತಿತ್ತು. ಅವಳು ಮತ್ತೆ ಮತ್ತೆ "ಎದ್ದಿತೇನವ್ವಾ" ಎಂದಾಗ ನನಗೆ ಅಳು ಬರುವುದೊಂದು ಬಾಕಿ. ಊರಿಂದ ಯಾರೋ ಕರೆಯಲು ಬಂದರು, ಅವಳು ಅವರ ಬೈಕಿನಲ್ಲಿ ಕುಂತು ಹಿಂದೆ ತಿರುಗಿ ನೋಡುತ್ತಲೇ ಹೋದಳು. ಡೆಸ್ಕ್‌ಟಾಪ್ ಬಂದದ್ದೇ ಅಣ್ಣ ರಿಫ್ರೆಶ್ ಒತ್ತಲು ಕೈ ಚಾಚಿದ. ಕೈ ಮೇಲೆ ಹೊಡೆದೆ.

ಪ್ರಿಂಟಾದ ಫ್ಲೆಕ್ಸನ್ನು ಶಾಯಿ ಆರುವ ಮೊದಲೇ ಸುತ್ತಿಕೊಂಡು ಇಬ್ಬರೂ ಗಾಡಿ ಹತ್ತಿದೆವು. ದುಂಡಸಿಯ ಹೊಲ ಮುಟ್ಟಿದಾಗ ಹಲಗಿಯ ಸದ್ದಿರಲಿಲ್ಲ. ಮಣ್ಣಿನ ಗುಡ್ಡೆಯ ಮೇಲೆ ಚೆಂಡು ಹೂವು ಬಿದ್ದಿದ್ದವು. ಬಿಸಿಲು ಕಾಯಗೊಡಲಿಲ್ಲ ಎಂದರು ಅಲ್ಲಿದ್ದವರು. ಬಣವೆಯ ಮೇಲಿನ ಹಳೆಯ ಫ್ಲೆಕ್ಸನ್ನೇ ಎಳೆದು, ಧೂಳು ಕೊಡವಿ, ಟ್ರ್ಯಾಕ್ಟರಿಗೆ ಕಟ್ಟಿ ಮೆರವಣಿಗೆ ಮುಗಿಸಿದ್ದರು. ಆಮೇಲೆ ಅದನ್ನೇ ಹೋರಿಗೆ ಹೊದಿಸಿ, ತೋಡಿದ ಕುಣಿಗೆ ಇಳಿಸಿದ್ದರು.

ನಾನು ಒಂದು ತುದಿ, ಅಣ್ಣ ಒಂದು ತುದಿ ಹಿಡಿದು ಹೊಸ ಫ್ಲೆಕ್ಸ್ ಬಿಡಿಸಿದೆವು. ಅವಳು ಹತ್ತಿರ ಬಂದು ಹೋರಿಯ ಹಣೆಯ ಮೇಲೆ ಕೈ ಇಟ್ಟಳು.

"ಭಾಳ ಚಲೋ ಬಂದೈತಿ" ಅಂದಳು. ಬೋಳಾಗಿ ನಿಂತಿದ್ದ ಬಣವೆಯ ಕಡೆ ನೋಡಿದಳು. "ಇದನ್ನ ಅದಕ್ಕರ ಹೊದಸಬೇಕಂದ್ರ, ಹೊಟ್ಟು ತಿನ್ನಾವನs ಹ್ವಾದ. ಇನ್ನ ಬಣವಿ ಯಾರಿಗ್ಯವ್ವಾ?"

ನಾವಿಬ್ಬರೂ ಎರಡು ತುದಿ ಹಿಡಿದುಕೊಂಡೇ ನಿಂತಿದ್ದೆವು.