ಯೋಗೀಶನ ಬುನಾದಿ

ಶೆಟ್ಟಿಕೆರೆಯ ಯೋಗೀಶ್ ಊರಲ್ಲೇ ಕೂತು ವ್ಯಾಪಾರಸ್ಥರಿಗೆ ಸಾಫ್ಟ್‌ವೇರ್ ಬರೆದುಕೊಡುವವನು. ಬುದ್ಧಿವಂತ. ಆದರೆ ಕೆಲಸ ಶುರು ಮಾಡುವ ಮೊದಲು ಲ್ಯಾಪ್‌ಟಾಪಿನ ಬುನಾದಿ ಸರಿಯಿರಬೇಕೆಂಬ ಹಟ. ಬುನಾದಿ ಎಂದರೆ, ವಿಂಡೋಸ್‌ನಂತೆ ಕಂಪ್ಯೂಟರನ್ನು ನಡೆಸುವ ಲಿನಕ್ಸ್. ಅದರಲ್ಲಿ ನೂರಾರು ಬಗೆ. ಒಂದೊಂದು ಬಗೆಗೂ ಡಿಸ್ಟ್ರೋ ಎನ್ನುತ್ತಾರೆ.

ತಿಪಟೂರಿನ ಕೊಬ್ಬರಿ ವರ್ತಕ ವೀರಭದ್ರಯ್ಯನವರು ಬಂದು, ಯಾವ ರೈತನ ಅಟ್ಟದ ಕಾಯಿ ಯಾವಾಗ ಒಣಗಿ ಸುಲಿಯಲು ಬರುತ್ತದೆಂದು ತಿಳಿಸುವ ಪ್ರೋಗ್ರಾಮ್ ಬೇಕೆಂದರು. ಕಾಯಿ ಆಗಷ್ಟೇ ಅಟ್ಟ ಏರಿತ್ತು. ಯೋಗೀಶ್ ಒಪ್ಪಿ, ಅಂದೇ ಉಬುಂಟು ಎಂಬ ಡಿಸ್ಟ್ರೋ ಹಾಕಿದ. ಎಲ್ಲವೂ ಸುಸೂತ್ರವಾಗಿ ನಡೆಯಿತು. ಅದೇ ಅವನಿಗೆ ಹಿಡಿಸಲಿಲ್ಲ. ಎಲ್ಲರೂ ಬಳಸುವುದನ್ನೇ ತಾನೂ ಬಳಸಿದರೆ ಓದಿದ್ದಕ್ಕೇನು ಬೆಲೆ? ತೆಗೆದು ಫೆಡೋರಾ ಹಾಕಿದ. ಅದೂ ಚೆನ್ನಾಗಿತ್ತು, ಆದರೆ ವಿಡಿಯೋದಲ್ಲಿ ಯಾರೋ ಡೆಬಿಯನ್ ಇನ್ನೂ ಗಟ್ಟಿ ಎಂದರು. ಡೆಬಿಯನ್ ಗಟ್ಟಿಯೇ, ಆದರೆ ನೋಡಿದವರು ಬೆರಗಾಗುವುದಿಲ್ಲ ಎನಿಸಿ ಆರ್ಚ್‌ಗೆ ಹಾರಿದ. ಅದನ್ನು ಒಂದೊಂದೇ ಸಾಲು ಟೈಪು ಮಾಡಿ ಕೂರಿಸಬೇಕು. ಕೂರಿಸಿದ ದಿನ ಹೆಂಡತಿ ಸಿಂಧುವಿನ ಕೈಲಿ ಪಾಯಸ ಮಾಡಿಸಿದ.

ಅಷ್ಟರಲ್ಲಿ ಅಟ್ಟದ ಮೇಲೆ ಕಾಯೊಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಕೊಬ್ಬರಿ ಲೊಡಲೊಡ ಅನ್ನತೊಡಗಿತ್ತು. ವೀರಭದ್ರಯ್ಯನವರು ಮತ್ತೆ ಬಂದರು.

"ಏನಾಯ್ತಪ್ಪ ಯೋಗೀಶ?"

"ಡಿಸ್ಟ್ರೋ ಆರಿಸ್ತಾ ಇದೀನಿ ಯಜಮಾನ್ರೇ. ಲಿನಕ್ಸ್ ಒಂದೇ, ಒಬ್ಬೊಬ್ರು ಒಂದೊಂದು ಥರ ಮಾಡಿ ಕೊಡ್ತಾರೆ."

"ಮನೆಮನೇಲೂ ಬಸ್ಸಾರು ಬೇರೆ ಥರ ಇದ್ದಂಗೆ ಅನ್ನು."

"ಹಂಗೇ ಅಂದ್ಕೊಳ್ಳಿ."

"ಆಗ್ಲಿ ಬುಡು. ಊಟಕ್ಕೆ ಯಾವಾಗ ಕರೀತೀಯ, ಅದ್ನ ಹೇಳು."

ಒಳಗೆ ಸಿಂಧು ನಕ್ಕದ್ದು ಇಬ್ಬರಿಗೂ ಕೇಳಿಸಿತು.

ಯೋಗೀಶನಿಗೆ ಅವಮಾನವಾಯಿತು. ಆ ಸಿಟ್ಟಿನಲ್ಲಿ ಇನ್ನೊಂದು ಡಿಸ್ಟ್ರೋ ಹಾಕಲು ಹೋಗಿ, ಏನನ್ನೋ ಒತ್ತಿ, ಲ್ಯಾಪ್‌ಟಾಪಿನಲ್ಲಿ ಇದ್ದದ್ದನ್ನೆಲ್ಲ ಅಳಿಸಿಹಾಕಿದ. ಪ್ರೋಗ್ರಾಮ್ ಒಂದು ಸಾಲೂ ಬರೆದಿರಲಿಲ್ಲವಾದ್ದರಿಂದ ನಷ್ಟವೇನೂ ಆಗಲಿಲ್ಲ.

ಸಿಂಧು ಉಬುಂಟುವಿನ ಪೆನ್‌ಡ್ರೈವನ್ನು ಅವನ ಮುಂದಿಟ್ಟು, ಮಿಕ್ಕ ಡಿಸ್ಟ್ರೋಗಳ ಪೆನ್‌ಡ್ರೈವ್‌ಗಳನ್ನೆಲ್ಲ ತನ್ನ ಬ್ಯಾಗಿಗೆ ಸುರಿದುಕೊಂಡಳು. "ಅರಳಗುಪ್ಪೆಗೆ ಹೋಗ್ಬತ್ತೀನಿ ಕಣ್ರೀ. ಅಮ್ಮನ ಮನೇಲಿ ಸ್ವಲ್ಪ ದಿನ ಇರ್ತೀನಿ. ಇವೂ ನನ್ ಜೊತೆ ಬರ್ಲಿ, ನೀವು ಬರೀತಿರಿ."

ತಿಪಟೂರಿಗೆ ಹೋಗಿ ಹೊಸ ಪೆನ್‌ಡ್ರೈವ್ ಕೊಳ್ಳಬಹುದಿತ್ತು. ಆದರೆ ಬಸ್ ಇಳಿದರೆ ಎದುರಿಗೇ ವೀರಭದ್ರಯ್ಯನವರ ಮಂಡಿ. ಬೇರೆ ದಾರಿ ಕಾಣದೆ ಯೋಗೀಶ್ ಉಬುಂಟು ಹಾಕಿಕೊಂಡು ಬರೆಯಲು ಕೂತ. ಸಿಂಧು ತಿರುಗಿ ಬರುವಷ್ಟರಲ್ಲಿ ಪ್ರೋಗ್ರಾಮ್ ಮುಗಿದಿತ್ತು. ಚೆನ್ನಾಗಿಯೂ ಇತ್ತು.

ಮಂಡಿಯ ಹಳೇ ವಿಂಡೋಸ್ ಕಂಪ್ಯೂಟರಿನಲ್ಲಿ ಅದು ಸಲೀಸಾಗಿ ಓಡಿತು. ವೀರಭದ್ರಯ್ಯನವರು ಕನ್ನಡಕ ಏರಿಸಿಕೊಂಡು ಪರದೆಯ ಮೇಲೆ ಒಂದೊಂದೇ ಅಟ್ಟದ ಲೆಕ್ಕ ನೋಡಿ, "ಪರವಾಗಿಲ್ಲ ಕಣಪ್ಪ, ಚೆನ್ನಾಗ್ ಮಾಡಿದೀಯ" ಎಂದರು. ಯೋಗೀಶ್ ಹೊಗಳಿಕೆಯನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವನು ಆ ಕಂಪ್ಯೂಟರನ್ನು ಮರುಕದಿಂದ ನೋಡುತ್ತಿದ್ದ.

"ಯಜಮಾನ್ರೇ, ಇದ್ರಲ್ಲಿರೋದನ್ನ ತೆಗ್ದು ಒಳ್ಳೇದೊಂದು ಲಿನಕ್ಸ್ ಹಾಕ್ಕೊಡ್ಲಾ?"

ವೀರಭದ್ರಯ್ಯನವರು ಕೀಬೋರ್ಡನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು. "ಕಾಫಿ ತರಿಸ್ತೀನಿ. ನೀನು ಆಚೆ ಬೆಂಚಿನ ಮೇಲೆ ಕೂತ್ಕೊ."